ಒಂದೇ ಹಡಗಿನ ಎರಡು ಮಗ್ಗುಲು

ಬೀದರಿನಲ್ಲಿ ಕುಳಿತು ಸಮುದ್ರದ ಕಥೆಗಳನ್ನು ಪರದೆಗೆ ತಂದವರು ನಾವು. ಹೀಗೆಂದರೆ ಈಗಿನ ಹುಡುಗರು ಮೊದಲು ನಗುತ್ತಾರೆ, ಆಮೇಲೆ ಮೊಬೈಲಿನಲ್ಲಿ ನಕಾಶೆ ತೆಗೆದು ನೋಡುತ್ತಾರೆ, ನೋಡಿದ ಮೇಲೆ ಇನ್ನೊಮ್ಮೆ ನಗುತ್ತಾರೆ. ನಗಲಿ. ನಾವೂ ನಗುತ್ತಲೇ ಆ ಕೆಲಸ ಮಾಡಿದೆವು. ನಮ್ಮ ಯೂನಿಟ್ಟಿನಲ್ಲಿ ಸಮುದ್ರ ಕಂಡವರು ನಿರ್ದೇಶಕರಾದ ಖಾದರ್ ಸಾಹೇಬರೊಬ್ಬರೇ. ಅವರು ಮುಂಬೈಯಲ್ಲಿ ಒಮ್ಮೆ ಕಂಡಿದ್ದರಂತೆ. ಆದರೆ ಅವತ್ತು ಅವರಿಗೆ ಹಲ್ಲುನೋವು ಇದ್ದದ್ದರಿಂದ ಸಮುದ್ರದ ಕಡೆ ಅಷ್ಟಾಗಿ ಲಕ್ಷ್ಯ ಹೋಗಲಿಲ್ಲವಂತೆ.

ನನ್ನ ಹೆಸರು ಕಲಾವತಿ. ಭಾಲ್ಕಿಯಲ್ಲಿ ಹುಟ್ಟಿ, ಅಲ್ಲಿಯೇ ಹತ್ತನೆಯ ತರಗತಿ ಮುಗಿಸಿ, ಮೆಹಕರದ ಮಾಣಿಕರಾವ್ ಅವರನ್ನು ಮದುವೆಯಾಗಿ ಬೀದರಿಗೆ ಬಂದವಳು. ಹಳೆಯ ಕಡಲ ಕಾದಂಬರಿಗಳನ್ನು ಓದಿ, ಟಿ.ವಿ. ಧಾರಾವಾಹಿಗೆ ಬೇಕಾದ ಹಾಗೆ ದೃಶ್ಯಗಳಾಗಿ ಒಡೆದು ಬರೆಯುವುದು ನನ್ನ ಕೆಲಸ. ನಾನು ಬರೆದದ್ದನ್ನು ಕಟ್ಟಿಗೆಯಲ್ಲಿ ಕಟ್ಟಿ ನಿಲ್ಲಿಸುವುದು ನಮ್ಮ ಮನೆಯವರ ಕೆಲಸ. "ಬಿರುಗಾಳಿ ಎದ್ದಿತು" ಎಂದು ಬರೆದು ನಾನು ಚಹಾ ಕಾಸಲು ಏಳುತ್ತಿದ್ದೆ. ಅವರು ಆ ಹಾಳೆಯನ್ನು ಎತ್ತಿ ಓದುತ್ತಿದ್ದರು.

"ನಿನ್ನ ಪೆನ್ನಿಗೇನು ಬ್ಯಾನಿ? ಎದ್ದಿತು ಅಂತ ಬರದಿ. ಎಬ್ಬಸಾಂವ ಯಾಂವ?"

"ನೀವೇ ಎಬ್ಬಸ್ಬೇಕ್ರಿ. ಅದಕ್ಕೇ ನಿಮಗ ಕರದಾರ."

"ಮುಂದಿನ ಕಾದಂಬರಿಯಾಗ ಎಲ್ಲಾರಿಗೂ ಮನ್ಯಾಗ ಕುಂದ್ರಸು. ಹೊರಗ ಬರೇ ಸಮುದ್ರದ ಅಲಿ ಸಪ್ಪಳ ಕೇಳಸ್ಲಿ."

ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ಅಂಗಳದಲ್ಲಿ ಮರ ನಯಗೊಳಿಸುವ ರಂದಾದ ಸದ್ದಿಲ್ಲ. ಪರದೆಗೆ ಬರೆಯಲು ಕಲಿಯುತ್ತಿರುವ ಕೆಲವು ಮಕ್ಕಳಿಗೆ ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಇಲ್ಲಿಯ ಕಾಲೇಜಿನವರು ಕರೆದಿದ್ದರು. ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಿಗೆ ಒಣಗುತ್ತದೆ. ಬರೆದುಕೊಡುತ್ತೇನೆ ಎಂದೆ. ಹಾಗಾಗಿ ಇದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಷ್ಟು ವರ್ಷ ಹಡಗಿನ ಕಥೆ ಬರೆದೆ; ದಡ ಬಿಟ್ಟು ಹೋದ ಹಡಗು ಮರಳಿ ಬರುವುದನ್ನು ಮಾತ್ರ ಬಹಳ ಕಾಲ ಬರೆಯಲು ಆಗಲಿಲ್ಲ. ಒಮ್ಮೆಯಾದರೂ ಅದನ್ನು ಬರೆಯಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಅದಕ್ಕೆ ಅಡ್ಡ ಬಂದದ್ದು ನಮ್ಮ ಮನೆಯವರು ಕಟ್ಟಿದ ಹಡಗೇ.

*

ನಾನು ಈ ಕೆಲಸಕ್ಕೆ ಸೇರಿದ್ದು ಹೊಲಿಗೆ ಕ್ಲಾಸಿನಿಂದ. ಅಲ್ಲಿ ಉಳಿದವರು ಹೊಲಿಯುವಾಗ ನಾನು ಕಾದಂಬರಿ ಓದಿ ಹೇಳುತ್ತಿದ್ದೆ. ನನ್ನ ಹೊಲಿಗೆ ನೋಡಿದ ಟೀಚರೇ ಈ ಏರ್ಪಾಡು ಮಾಡಿದ್ದರು. ಖಾದರ್ ಸಾಹೇಬರ ಬೇಗಂ ಅದೇ ಕ್ಲಾಸಿಗೆ ಬರುತ್ತಿದ್ದರು. ಸಾಹೇಬರಿಗೆ ಆಗ ಕರಾವಳಿಯ ಮೆಣಸಿನ ವ್ಯಾಪಾರಿಗಳ ಬಗ್ಗೆ ಒಂದು ದಪ್ಪ ಕಾದಂಬರಿ ಸಿಕ್ಕಿತ್ತು. ಅವರು ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದುವುದು ಮಾತ್ರ ಉರ್ದು. "ಪುಸ್ತಕ ಓದಿ ಹೇಳಾಕಿ ಒಬ್ಬಾಕಿ ಇದ್ದಾಳ" ಎಂದು ಬೇಗಂ ನನ್ನನ್ನು ಚೌಬಾರಾ ಗೋಪುರದ ಹತ್ತಿರದ ತಮ್ಮ ಮನೆಗೆ ಕರೆದೊಯ್ದರು.

ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ತಖ್ತದ ಮೇಲೆ ಕಣ್ಣು ಮುಚ್ಚಿ ಒರಗುತ್ತಿದ್ದರು. ನಾನು ಕೆಳಗೆ ಚಾಪೆಯ ಮೇಲೆ ಕುಳಿತು ಕಥೆ ಹೇಳಬೇಕು. ಪುಸ್ತಕ ನೋಡಿ ಓದುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ಕಥೆಯ ಯಾವ ಜಾಗದಲ್ಲಿ ಅವರು ಕಣ್ಣು ತೆರೆಯುತ್ತಾರೋ ಅಲ್ಲಿ ಒಂದು ದೃಶ್ಯ. ಎಲ್ಲಿ ಗೊರಕೆ ಹೊಡೆಯುತ್ತಾರೋ ಅಷ್ಟು ಭಾಗ ಬಿಟ್ಟ ಹಾಗೆ. ಇದೇ ನಮ್ಮ ಪದ್ಧತಿ. ಒಮ್ಮೆ ಬಿರಿಯಾನಿ ಉಂಡ ದಿನ ಇಡೀ ಕಾದಂಬರಿಗೆ ಅವರು ಮೂರೇ ಸಲ ಕಣ್ಣು ತೆರೆದರು, ಅದರಲ್ಲಿ ಒಂದು ಸಲ ನೀರು ಕೇಳಲು.

"ಸಾಹೇಬ್ರ, ಮೂರು ಸೀನಿನಾಗ ಧಾರಾವಾಹಿ ಹ್ಯಾಂಗ ಮಾಡ್ಲಿ?"

"ನಾಳಿ ಮತ್ತ ಹೇಳ್ರಿ ಬಾಯಿ. ನಾಳಿ ಬರೇ ದಾಲ್ ಅದ."

ಈಗ ಕಾದಂಬರಿಯನ್ನು ಕಂಪ್ಯೂಟರಿಗೆ ಹಾಕಿದರೆ ಅದೇ ಸಾರಾಂಶ ಮಾಡಿಕೊಡುತ್ತದಂತೆ. ಮಾಡಲಿ, ಒಳ್ಳೆಯದು. ಆದರೆ ಬರೆಯುವ ಮಕ್ಕಳೇ, ಒಮ್ಮೆ ಯಾರಿಗಾದರೂ ಊಟವಾದ ಮೇಲೆ ನಿಮ್ಮ ಕಥೆ ಹೇಳಿ ನೋಡಿ. ನಿದ್ದೆಗಿಂತ ಖಡಕ್ ಪರೀಕ್ಷಕ ಇನ್ನೊಬ್ಬನಿಲ್ಲ.

*

ಹಡಗಿನ ಕಟ್ಟಿಗೆ ಬಂದದ್ದು ಔರಾದದಿಂದ. ಅಲ್ಲೊಂದು ಹಳೆಯ ವಾಡೆಯನ್ನು ಕೆಡವುತ್ತಿದ್ದರು. ಅದರ ತೊಲೆ, ಕಂಬ, ಬಾಗಿಲು ಎಲ್ಲವನ್ನೂ ನಮ್ಮ ಮನೆಯವರು ಲಾರಿಯಲ್ಲಿ ಹೇರಿಕೊಂಡು ಬಂದರು. ವಾಡೆಯ ನಡುಕಂಬ ಹಾಯಿಪಟದ ಕಂಬವಾಯಿತು. ತಲೆಬಾಗಿಲು ಚೌಕಟ್ಟು, ಹೊಸ್ತಿಲು ಸಮೇತ ಹಡಗಿನ ನಾಯಕನ ಕೋಣೆಯ ಬಾಗಿಲಾಯಿತು. ಆ ಹೊಸ್ತಿಲು ನಮಗೆ ಬಹಳ ಕಾಡಿತು. ನಾಯಕನ ಪಾತ್ರ ಮಾಡುತ್ತಿದ್ದವರು ಮನ್ನಳ್ಳಿಯ ನಾಟಕದ ಕಲಾವಿದ ಶರಣಪ್ಪ. ಬಿರುಗಾಳಿಯ ದೃಶ್ಯದಲ್ಲಿ ಅವರು "ಹಡಗು ಒಡೆಯಿತು!" ಎಂದು ಕೂಗುತ್ತ ಕೋಣೆಯಿಂದ ಹೊರಗೆ ಓಡಿಬರಬೇಕು. ಓಡಿಬಂದವರು ಹೊಸ್ತಿಲ ಹತ್ತಿರ ತಟ್ಟನೆ ನಿಂತು, ಅದನ್ನು ತುಳಿಯದ ಹಾಗೆ ಬಲಗಾಲು ಮುಂದಿಟ್ಟು ಮೆಲ್ಲಗೆ ದಾಟಿ, ಆಮೇಲೆ ಮತ್ತೆ ಓಡಲು ಶುರು ಮಾಡುತ್ತಿದ್ದರು.

"ಶರಣಪ್ಪಾ, ಹಡಗ ಮುಳಗ್ಲತ್ತದ! ಹೊಸ್ತಲಾ ತುಳಿರಿ!" ಎಂದು ಖಾದರ್ ಸಾಹೇಬರು ಒದರುತ್ತಿದ್ದರು.

"ಮುಳಗೋ ಟೈಮಿನಾಗರೆ ಚಂದಂಗಿ ನಡೀಬೇಕಲ್ರಿ ಸಾಹೇಬ್ರ" ಎಂದು ಶರಣಪ್ಪ ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು.

ಹಡಗನ್ನು ನಿಲ್ಲಿಸಿದ್ದು ಭಾಲ್ಕಿ ಕಡೆಯ ಕಾರಂಜಾ ಅಣೆಕಟ್ಟಿನ ಹಿನ್ನೀರಿನಲ್ಲಿ. ಅಲ್ಲಿ ನೀರಿನ ಒಂದು ಚಾಚು ಇದೆ. ಅದರ ಅಡಿಯಲ್ಲಿ, ಮೊಣಕಾಲುದ್ದದ ನೀರಿನಲ್ಲಿ, ಮುಳುಗಡೆಯಾದ ಒಂದು ಹಳೆಯ ರಸ್ತೆ ಇದೆ. ಎರಡು ಟ್ರ್ಯಾಕ್ಟರ್ ಟ್ರಾಲಿಗಳನ್ನು ಜೋಡಿಸಿ, ಅವುಗಳ ಮೇಲೆ ಹಡಗು ಕಟ್ಟಿ, ಆ ರಸ್ತೆಯ ಮೇಲೆ ಬಿಟ್ಟರು. ಮುಂದೆ ಜಾಲಿ ಪೊದೆಗಳ ಮರೆಯಲ್ಲಿ ನಿಂತ ಟ್ರ್ಯಾಕ್ಟರ್ ಹಗ್ಗ ಹಿಡಿದು ಎಳೆಯುತ್ತಿತ್ತು. ಅಂದರೆ ನಮ್ಮ ಇತಿಹಾಸಪ್ರಸಿದ್ಧ ಹಡಗು ಜನ್ಮದಲ್ಲಿ ತೇಲಲಿಲ್ಲ, ಡಾಂಬರಿನ ಮೇಲೆ ಉರುಳಿತು. ಇಷ್ಟಾದರೂ ಶರಣಪ್ಪನವರಿಗೆ ನೀರಿನ ಭಯ. ಮೊಣಕಾಲುದ್ದದ ಸಮುದ್ರದಲ್ಲಿ ಅವರು ಪಟದ ಕಂಬ ಬಿಟ್ಟು ಕೈ ತೆಗೆಯುತ್ತಿರಲಿಲ್ಲ.

ಕಡಲ ಕಥೆ ಎಂದ ಮೇಲೆ ಯುದ್ಧ ಇರಲೇಬೇಕು. ಯುದ್ಧಕ್ಕೆ ಎರಡು ಹಡಗು ಬೇಕು. ನಮ್ಮಲ್ಲಿದ್ದದ್ದು ಒಂದು. ನಮ್ಮ ಮನೆಯವರು ಅದರ ಬಲಮಗ್ಗುಲಿಗೆ ಉದ್ದಕ್ಕೂ ಕಮಲದ ಬಳ್ಳಿ ಕೆತ್ತಿ ಹಸಿರು ಬಣ್ಣ ಹಚ್ಚಿದರು: ಅದು ನಮ್ಮ ಹಡಗು. ಎಡಮಗ್ಗುಲಿಗೆ ಬಾಯಿ ತೆರೆದ ಒಂದು ಉದ್ದನೆಯ ಹಾವು ಕೆತ್ತಿ ಕಪ್ಪು ಬಳಿದರು: ಅದು ವೈರಿಯ ಹಡಗು. ಈ ದಡದಲ್ಲಿ ಕ್ಯಾಮೆರಾ ಇಟ್ಟರೆ ನಮ್ಮವರು ಎಡದಿಂದ ಬಲಕ್ಕೆ ಹೋಗುತ್ತಾರೆ. ಜೀಪಿನಲ್ಲಿ ಸುತ್ತು ಹಾಕಿ ಆಚೆ ದಡಕ್ಕೆ ಹೋಗಿ ಕ್ಯಾಮೆರಾ ಇಟ್ಟರೆ ವೈರಿ ಬಲದಿಂದ ಎಡಕ್ಕೆ ಬರುತ್ತಾನೆ. ಎರಡನ್ನೂ ಜೋಡಿಸಿದರೆ ಭಾರಿ ಸಮರ. ಅದೆಷ್ಟೋ ಕಾದಂಬರಿಗಳಲ್ಲಿ ಆ ಹಡಗು ತನ್ನ ಮೇಲೆ ತಾನೇ ಗುಂಡು ಹಾರಿಸಿಕೊಂಡು, ತಾನೇ ಸೋತು, ತಾನೇ ಗೆದ್ದಿತು.

ಇಲ್ಲಿಯೇ ನನಗೆ ಕುತ್ತು ಬಂದದ್ದು. ಪರದೆಯ ಮೇಲೆ ಬಲಕ್ಕೆ ಹೋದ ಹಡಗು ಮರಳಿ ಬರಬೇಕಾದರೆ ಎಡಕ್ಕೆ ಬರಬೇಕು. ಎಡಕ್ಕೆ ಬಂದರೆ ಕಾಣುವುದು ಹಾವು. ನಮ್ಮ ನಾಯಕ ವೈರಿಯ ಹಡಗಿನಲ್ಲಿ ಮನೆಗೆ ಬಂದ ಹಾಗಾಗುತ್ತದೆ.

"ಹೋಗೋದು ಎಷ್ಟ್ ಬೇಕಾದ್ರೂ ಬರೀರಿ. ಬರೋದು ಬರೀಬ್ಯಾಡ್ರಿ" ಎಂದು ಖಾದರ್ ಸಾಹೇಬರು ಕಾನೂನು ಮಾಡಿದರು.

ನಾನು ಉಪಾಯ ಹುಡುಕಿದೆ. ದಡದಲ್ಲಿ ಜನ ಓಡುತ್ತಾರೆ, "ಬಂತು! ಬಂತು!" ಎಂದು ಕೂಗುತ್ತಾರೆ, ಮುಂದಿನ ದೃಶ್ಯದಲ್ಲಿ ನಾಯಕ ಮನೆಯಲ್ಲಿ ಕುಳಿತು ಉಣ್ಣುತ್ತಿರುತ್ತಾನೆ. ಬಹಳ ಕಾಲ ಇದೇ ನಡೆಯಿತು. ಯಾರಿಗೂ ಗೊತ್ತಾಗಿಲ್ಲ ಎಂದೇ ತಿಳಿದಿದ್ದೆ. ಒಂದು ದಿನ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ನನ್ನ ಗುರುತು ಹಿಡಿದು ಪಕ್ಕದಲ್ಲಿ ಕುಳಿತಳು.

"ಹಡಗದ ಕಥಿ ಬರಿಯಾಕಿ ನೀನೇ ಅಲ್ಲವಾ? ಎಲ್ಲಾ ಛಲೋ ಅದ. ಆದ್ರ ಹೋದ ಹಡಗ ಒಂದರೆ ಬರ್ಬಾರದೇನ ಯವ್ವಾ? ಹೆಣ್ಣಮಕ್ಕಳು ದಂಡಿಮ್ಯಾಲ ನಿಂತು ನಿಂತು ಸಾಯ್ತಾವ."

ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಉಳಿಗೆ ಸಾಣೆ ಹಿಡಿಯುತ್ತಿದ್ದರು. ತಲೆ ಎತ್ತಲಿಲ್ಲ. "ಮುದುಕಿ ಖರೇನೇ ಅಂದಾಳ" ಎಂದರು, ಅಷ್ಟೇ.

*

ಅವರು ತಲೆ ಎತ್ತದೆ ಇರುವುದರ ಬಗ್ಗೆಯೂ ಬರೆಯಬೇಕು. ನಮ್ಮ ಕಡೆ ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಮೇಲೆ ಬರೆದೆನಲ್ಲ, ಅದು ಕಾಗದದ ಮೇಲೆ, ಬಾಯಿಂದ ಬರುವುದಿಲ್ಲ. ಅವರು ಹಡಗಿನ ಮೇಲೆ, ನಾನು ದಡದ ಮೇಲೆ. ದೃಶ್ಯದಲ್ಲಿ ಏನಾದರೂ ಬದಲಾದರೆ ಕೂಗಿ ಹೇಳಬೇಕು. ನಾನು ದಡದಲ್ಲಿ ನಿಂತು "ಏನ್ರೀ!" ಎನ್ನುತ್ತಿದ್ದೆ. ಕ್ಯಾಮೆರಾದವರು ತಿರುಗುತ್ತಿದ್ದರು. ಟ್ರ್ಯಾಕ್ಟರಿನವನು ತಿರುಗುತ್ತಿದ್ದ. ಶರಣಪ್ಪ ಕಂಬ ಹಿಡಿದುಕೊಂಡೇ ತಿರುಗುತ್ತಿದ್ದರು. ಖಾದರ್ ಸಾಹೇಬರೂ "ಕ್ಯಾ ಬಾಯಿ?" ಎನ್ನುತ್ತಿದ್ದರು. ತಿರುಗಬೇಕಾದವರೊಬ್ಬರನ್ನು ಬಿಟ್ಟು ಉಳಿದ ಗಂಡಸರೆಲ್ಲ ತಿರುಗುತ್ತಿದ್ದರು. ಅವರ ಕಿವಿ ಕಟ್ಟಿಗೆಯಲ್ಲಿ ಇರುತ್ತಿತ್ತು. ಕೈಯಲ್ಲಿದ್ದ ಕೆಲಸ ಮುಗಿದ ಮೇಲೆ, ನಾನು ಕರೆದದ್ದೇ ಮರೆತ ಹೊತ್ತಿಗೆ, ಅಲ್ಲಿಂದ ದನಿ ಬರುತ್ತಿತ್ತು.

"ಬಂದೆ ತಡಿ. ಯಾಕ ಒದರ್ತಿ?"

"ಮೈಕ್ ಕೊಡಸ್ತೀನ್ರಿ, ಹೆಸರ ಹಿಡದು ಕರೀರಿ" ಎಂದು ಸಾಹೇಬರು ಒಮ್ಮೆ ರೇಗಿದರು.

"ಮೈಕಿನಾಗ ಗಂಡನ ಹೆಸರು? ಭಾಲ್ಕಿ ತನಕ ಕೇಳಸ್ತದ್ರಿ ಸಾಹೇಬ್ರ" ಎಂದೆ.

*

ನೀರು ಏರಿದ ಪ್ರಸಂಗ ಹೇಳದಿದ್ದರೆ ನಮ್ಮ ಯೂನಿಟ್ಟಿನ ಕಥೆ ಪೂರ್ತಿಯಾಗುವುದಿಲ್ಲ.

ಒಂದು ಕಾದಂಬರಿಯಲ್ಲಿ ನಾಯಕನ ಹಡಗು ಅಳಿವೆಯ ಮರಳಿನಲ್ಲಿ ಸಿಕ್ಕಿಬೀಳುತ್ತದೆ. ವೈರಿಗಳು ಹತ್ತಿರ ಬರುತ್ತಿದ್ದಾರೆ. ಆಗ ಲೇಖಕರು "ನೀರು ಏರಿತು, ಹಡಗು ಎದ್ದಿತು" ಎಂದಷ್ಟೇ ಬರೆದು ಮುಂದೆ ಹೋಗಿದ್ದಾರೆ. ಅವರು ಕರಾವಳಿಯವರು, ಅವರಿಗೆ ಅಷ್ಟು ಸಾಕು. ನಾನು ಈ ಜಾಗ ಹೇಳುವಾಗ ಖಾದರ್ ಸಾಹೇಬರು ಕಣ್ಣು ತೆರೆದರು.

"ತಡೀರಿ ಬಾಯಿ. ನೀರ ಹ್ಯಾಂಗ ಏರ್ತು?"

"ಪುಸ್ತಕದಾಗ ಇಲ್ರಿ. ಏರ್ತು ಅಂತ ಅಷ್ಟೇ ಅದ."

"ಊಪರ್ ಮಳಿ ಬಿದ್ದಿರಬೇಕು."

ನಮ್ಮ ಮನೆಯವರನ್ನು ಕೇಳಿದೆವು. ಅವರು ಬಹಳ ಯೋಚಿಸಿದರು. "ಮಳಿ ಇಲ್ದೇ ನೀರ ಏರಂಗಿಲ್ಲ. ಇಲ್ಲಾಂದ್ರ ಯಾರರೆ ಗೇಟ್ ತೆಗದಾರ" ಎಂದರು. ಕಾರಂಜಾದ ನೀರು ನೋಡಿ ಬೆಳೆದ ನಮಗೆಲ್ಲ ಇದು ನ್ಯಾಯವಾಗಿಯೇ ಕಂಡಿತು. ಸಾಲೆಯಲ್ಲಿ ಸಮುದ್ರದ ಉಬ್ಬರ ಇಳಿತ ಎಂದು ನಾನು ಕಂಠಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅದು ಪರೀಕ್ಷೆಯ ಮಾತು, ಇದು ಹಡಗಿನ ಮಾತು. ಎರಡೂ ಒಂದೇ ಎಂದು ಹೊಳೆಯಲಿಲ್ಲ.

ಸರಿ, ಪುಸ್ತಕದಲ್ಲಿ ಇಲ್ಲದ ಒಂದು ಇಡೀ ಕಂತು ಬರೆದೆ. ದೂರದ ಗುಡ್ಡದಲ್ಲಿ ಮೋಡ ಕಟ್ಟುತ್ತದೆ. ಕುರಿ ಕಾಯುವವನೊಬ್ಬ ಆಕಾಶ ನೋಡಿ ಕೈಮುಗಿಯುತ್ತಾನೆ. ಮಳೆ ಸುರಿಯುತ್ತದೆ. ಹಳ್ಳ ತುಂಬಿ, ಹೊಳೆ ತುಂಬಿ, ಹೊಳೆಯ ನೀರು ಸಮುದ್ರಕ್ಕೆ ಬಂದು ಬಿದ್ದು, ಸಮುದ್ರ ತುಂಬಿ ಹಡಗು ಏಳುತ್ತದೆ. ತೊಗರಿಗೆ ಔಷಧ ಹೊಡೆಯುವ ಪಂಪುಗಳನ್ನು ಕಮಠಾಣದಿಂದ ತರಿಸಿ ಮಳೆ ಸುರಿಸಿದೆವು. ಕುರಿಗಳು ಬಹಳ ಚೆನ್ನಾಗಿ ಅಭಿನಯಿಸಿದವು.

ಕಂತು ಪ್ರಸಾರವಾದ ಮೇಲೆ ಚಾನೆಲ್ಲಿನವರು ನನಗೆ ಒಂದು ಫೋನ್ ಕರೆ ಜೋಡಿಸಿಕೊಟ್ಟರು. ಆ ಕಡೆ ಕುಂದಾಪುರದ ಹೆಂಗಸೊಬ್ಬರು. ನಕ್ಕು ನಕ್ಕು ಅವರಿಗೆ ಉಸಿರು ಸಿಗುತ್ತಿರಲಿಲ್ಲ.

"ಮಾರಾಯ್ತಿ, ಸಮುದ್ರ ಏರೂಕೆ ಮಳಿ ಯಾಕೆ? ಅದ್ ದಿನಾ ಏರತ್ತ್, ದಿನಾ ಇಳಿತ್ತ್!"

ಸಂಜೆ ಇದನ್ನು ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು ಅವತ್ತು ಕೆಲಸ ಬಿಟ್ಟು ತಲೆ ಎತ್ತಿದರು.

"ದಿನಾ? ಮಳಿ ಇಲ್ದೇ?"

"ಹೌದಂತ್ರಿ. ಇಳದಿದ್ದು ತಾನೇ ಏರ್ತದಂತ."

"ಯಾರೂ ಬಿಡಂಗಿಲ್ಲ, ಯಾರೂ ಬಂದ್ ಮಾಡಂಗಿಲ್ಲ?"

"ಇಲ್ಲಂತ."

"ಮತ್ತ ಆ ಮಂದಿ ಹೊಲಾ ಹ್ಯಾಂಗ ಮಾಡ್ತಾರ?" ಎಂದು ಕೇಳಿದರು.

*

ಬರುವ ಹಡಗನ್ನು ತೋರಿಸಲು ಮೊದಲ ಪ್ರಯತ್ನ ಮಾಡಿದವನು ಹೈದರಾಬಾದಿನ ಸಂಕಲನಕಾರ. ಹೋಗುವ ದೃಶ್ಯವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕಿದರೆ ಬಂದ ಹಾಗಾಗುತ್ತದೆ ಎಂದ. ನಾನು ಕುಣಿದಾಡಿದೆ. ಹಾಕಿಯೂ ಹಾಕಿದ. ಹಡಗು ಚೆಂದವಾಗಿ ಬಂತು. ಆದರೆ ಅದರ ಮೈಮೇಲೆ ಬರೆದ ಹೆಸರು ಉಲ್ಟಾ ಆಗಿತ್ತು, ಶರಣಪ್ಪನವರ ಕತ್ತಿ ಎಡಗೈಗೆ ಹೋಗಿತ್ತು, ಬಲಗೆನ್ನೆಯ ಮೇಲಿನ ದೊಡ್ಡ ಮಚ್ಚೆ ಎಡಗೆನ್ನೆಗೆ ಬಂದು ಕುಳಿತಿತ್ತು. ಮನ್ನಳ್ಳಿಯಲ್ಲಿ ಶರಣಪ್ಪನವರ ಹೆಂಡತಿ ಟಿ.ವಿ. ನೋಡುತ್ತಲೇ ಗಂಡನಿಗೆ ಕೇಳಿದರಂತೆ: "ಮಚ್ಚಿ ಈಸ್ಕೊಂತ ಆ ಕಡಿ ಹೋಯ್ತೇನ್ರಿ? ನಿಮಗ ನೀರ ಕಂಡ್ರ ಅಂಜಿಕಿ, ಅದಕ್ಕಿಲ್ಲೇನು?"

ಮರುದಿನ ಶರಣಪ್ಪ ಯೂನಿಟ್ಟಿಗೆ ಬಂದು, "ಇನ್ನ ನನಗ ಉಲ್ಟಾ ಮಾಡಿದ್ರ ನಾಟಕಕ್ಕ ವಾಪಸ್ ಹೋಗ್ತೇನಿ" ಎಂದರು. ಆ ಉಪಾಯ ಅಲ್ಲಿಗೆ ಮುಗಿಯಿತು.

ಆಮೇಲೆ ಗ್ರಾಫಿಕ್ಸ್ ಬಂತು. ಸನಾ ಎಂಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಅವಳು ಕಾರಂಜಾದ ದಡ, ಜಾಲಿ ಪೊದೆ, ದೂರದ ಕರೆಂಟಿನ ಕಂಬ ಎಲ್ಲ ಅಳಿಸಿ, ಆ ಜಾಗದಲ್ಲಿ ಕಣ್ಣು ಹರಿದಷ್ಟೂ ನೀರು ತುಂಬಿದಳು. ಅಲೆ ಬೇಕೆಂದರೆ ಅಲೆ, ಬಿರುಗಾಳಿ ಬೇಕೆಂದರೆ ಬಿರುಗಾಳಿ. ಒಂದು ದಿನ ಅವಳು ನಮ್ಮ ಹಡಗಿನ ಫೋಟೋ ತೆಗೆದು, ಅಂಥದ್ದೇ ಒಂದನ್ನು ಲ್ಯಾಪ್‌ಟಾಪಿನೊಳಗೆ ಮಾಡಿ, ನಮ್ಮ ಮನೆಯವರ ಮುಂದೆ ಅದನ್ನು ನೀರಿನ ಮೇಲೆ ಗರಗರ ತಿರುಗಿಸಿ ತೋರಿಸಿದಳು. ಎರಡೂ ಮಗ್ಗುಲಿಗೂ ಕಮಲದ ಬಳ್ಳಿ.

ಅವರು ಕನ್ನಡಕ ಸರಿ ಮಾಡಿಕೊಂಡರು. "ಮತ್ತೊಂದ್ ಸಲ ತಿರಗಸವಾ" ಎಂದರು. ಅವಳು ತಿರುಗಿಸಿದಳು. "ಮತ್ತೊಂದ್ ಸಲ." ಹೀಗೆ ಅದೆಷ್ಟು ಸಲವೋ. "ಶಾಬ್ಬಾಸ್. ನನ್ನ ಕೈಲಿ ಆಗದಿದ್ದು ನೀ ಮಾಡಿದಿ" ಎಂದು ಅವಳ ತಲೆ ಸವರಿದರು. ಮನಸಾರೆ ಹೇಳಿದ ಮಾತು ಅದು. ಊಟಕ್ಕೆ ಕುಳಿತಾಗ ಮಾತ್ರ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

ಆ ಹೊತ್ತಿಗೆ ಅವರ ಕಿಡ್ನಿ ಕೆಟ್ಟಿತ್ತು. ವಾರದಲ್ಲಿ ಕೆಲವು ದಿನ ಬೀದರಿನ ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಳ್ಳಬೇಕಿತ್ತು. ನಾವು ಆಗ ಮಾಡುತ್ತಿದ್ದದ್ದು ನನ್ನ ಕೊನೆಯ ಧಾರಾವಾಹಿ. ಆ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಬೇರೇನೂ ಇಲ್ಲ: ಸತ್ತನೆಂದು ಎಲ್ಲರೂ ತಿಳಿದ ನಾಯಕ ಹಡಗಿನೊಂದಿಗೆ ಮರಳಿ ಬರುತ್ತಾನೆ, ಹೆಂಡತಿ ದಡದಲ್ಲಿ ನಿಂತಿರುತ್ತಾಳೆ. ಅದನ್ನು ಬಿಟ್ಟರೆ ಕಾದಂಬರಿಯೇ ಇಲ್ಲ. ದೂರದಿಂದ ಬರುವ ಹಡಗನ್ನು ಸನಾ ಮಾಡುತ್ತೇನೆಂದಳು. ಆದರೆ ಹತ್ತಿರ ಬಂದಾಗ, ಹಡಗಿನ ಮೇಲೆ ಜನ ನಿಂತು ಕೈ ಬೀಸುವಾಗ, ಖರೇ ಹಲಗೆಯೇ ಬೇಕು ಎಂದು ಅವಳೇ ಹೇಳಿದಳು.

ಯುದ್ಧದ ಭಾಗಗಳೆಲ್ಲ ಮುಗಿದ ಮರುದಿನ ನಮ್ಮ ಮನೆಯವರು ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡರು.

"ಎಲ್ಲಿಗಿ ಹೊಂಟ್ರಿ?"

"ಹಡಗಕ್ಕ. ಹಾವಿಗಿ ಸ್ವಲ್ಪ ಕೆಲಸ ಅದ."

"ಡಾಕ್ಟರ್ ಏನ್ ಹೇಳ್ಯಾರ? ಭಾರ ಎತ್ತಬ್ಯಾಡ್ರಿ ಅಂದಿಲ್ಲೇನು?"

"ಉಳಿ ಭಾರ ಇರಂಗಿಲ್ಲ. ಹಾವು ಬಳ್ಳಿ ಆಗ್ಲಾಕ ಏನ್ ಬೇಕು? ಎಲಿ ಬಂದ್ರ ಆಯ್ತು."

ಹಾಗೆಯೇ ಮಾಡಿದರು. ಹಾವನ್ನು ಕೆತ್ತಿ ತೆಗೆಯಲಿಲ್ಲ. ಅದರ ಮೈಯನ್ನೇ ಬಳ್ಳಿಯ ಕಾಂಡ ಮಾಡಿ, ಅಲ್ಲಲ್ಲಿ ಎಲೆ ಕೂಡಿಸುತ್ತ, ಕಪ್ಪಿನ ಮೇಲೆ ಹಸಿರು ಬಳಿಯುತ್ತ ಹೋದರು. ತೆರೆದ ಬಾಯಿ ಅರಳುತ್ತಿರುವ ಕಮಲವಾಯಿತು. ಆಸ್ಪತ್ರೆ ಇಲ್ಲದ ದಿನ ಜೀಪಿನಲ್ಲಿ ಹೋಗುವುದು, ಹಡಗಿನ ಪಕ್ಕ ಅಟ್ಟಣಿಗೆಯ ಮೇಲೆ ಕುಳಿತು ಕೆತ್ತುವುದು, ದಣಿದರೆ ಅಲ್ಲೇ ಕೌದಿ ಹಾಸಿ ಮಲಗುವುದು. ನಾನು ದಡದಿಂದ ಗುಳಿಗೆಯ ಹೊತ್ತಾಯಿತೆಂದು "ಏನ್ರೀ!" ಎನ್ನುತ್ತಿದ್ದೆ. ಯೂನಿಟ್ಟಿನವರೆಲ್ಲ ತಿರುಗುತ್ತಿದ್ದರು.

ಒಂದು ದಿನ ಆಸ್ಪತ್ರೆಯಲ್ಲಿ, ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದಾಗ, ನಾನು ಹಾಳೆ ಹಿಡಿದು ತಕರಾರು ತೆಗೆದೆ. "ಬಳ್ಳಿ ಏನೋ ಆಗ್ತದ್ರಿ. ಆದ್ರ ರೋಡ್ ಸಣ್ಣದು, ಹಡಗ ತಿರಗಸ್ಲಿಕ್ಕಿ ಬರಂಗಿಲ್ಲ. ಅದರ ಮಾರಿ ಒಂದೇ ಕಡಿ. ಬರೋದು ಹ್ಯಾಂಗ?"

ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಇಷ್ಟ್ ವರ್ಷ ಬರದಿ, ಇನ್ನಾ ತಿಳಿಲಿಲ್ಲೇನು? ಹಡಗ ಯಾಕ ತಿರಗಬೇಕು? ಅದು ಒಂದೇ ಕಡಿ ಹೋಗ್ಲಿ. ನೀ ಆಚಿ ದಂಡಿಗಿ ಹೋಗಿ ನಿಂದ್ರು, ಬಂದಂಗ ಕಾಣ್ತದ."

ವೈರಿಯನ್ನು ಅಲ್ಲಿಂದಲೇ ತೆಗೆಯುತ್ತಿದ್ದೆವಲ್ಲ. ಆದರೂ ನನಗೆ ಹೊಳೆದಿರಲಿಲ್ಲ.

ಹಾವಿನ ಬಾಲಕ್ಕೆ ಎಲೆ ಬರುವ ಮುಂಚೆ ಅವರು ಹೋದರು.

*

ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಖಾದರ್ ಸಾಹೇಬರು ಮನೆಗೆ ಬಂದರು.

"ಬಾಯಿ, ಆ ಸೀನ್ ತೆಗಿಬ್ಯಾಡ ಅಂದ್ರ ತೆಗೆಂಗಿಲ್ಲ. ಕಥಿ ಬ್ಯಾರೆ ಮಾಡೋಣು."

"ತೆಗೀರಿ ಸಾಹೇಬ್ರ. ಕಾರಂಜಾದ ನೀರ ಇಳಿಯೋ ಮುಂಚೆ ತೆಗೀರಿ. ನಮ್ಮ ನೀರ ಇಳದ್ರ ತಾನೇ ಏರಂಗಿಲ್ಲ."

ಅವರು ಸ್ವಲ್ಪ ನಕ್ಕರು. ಆಮೇಲೆ, "ಹಿಂದ ಬಾಲಾ ಉಳದದ. ಬ್ಯಾರೆ ಬಡಗ್ಯಾಗ ಹಚ್ಚಲಿ?" ಎಂದು ಕೇಳಿದರು.

ಬೇಡ ಎಂದೆ. ಒಳಗೆ ಹೋಗಿ ನಮ್ಮ ಮನೆಯವರ ಕೌದಿ ತಂದು ಕೊಟ್ಟೆ. ಅಷ್ಟು ದಿನ ಸಮುದ್ರದಲ್ಲಿ ಇದ್ದವರು ಹಾಸಿಗೆ ಒಣಗಹಾಕುವುದಿಲ್ಲವೇ? ಹಡಗಿನ ಹಿಂಭಾಗದಲ್ಲಿ ಕೌದಿ ಇಳಿಬಿಟ್ಟರೆ ಬಾಲ ಮುಚ್ಚುತ್ತದೆ.

"ಕುಂದಾಪುರದಿಂದ ಮತ್ತ ಫೋನ್ ಬರ್ತದ್ರಿ" ಎಂದರು ಸಾಹೇಬರು.

"ಬರ್ಲಿ."

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಇನ್ನ ನಾ ಯುದ್ಧ ತೆಗಿಲಾಕ ಆಗಲ್ಲ ಬಾಯಿ. ಎರಡೂ ಕಡಿ ನಮ್ಮದೇ ಹಡಗ. ಮಾಣಿಕರಾವ್ ದುಶ್ಮನಗ ಖತಂ ಮಾಡೇ ಹೋದ್ರು."

ಚಿತ್ರೀಕರಣದ ದಿನ ಎಲ್ಲರೂ ಜೀಪಿನಲ್ಲಿ ಸುತ್ತು ಹಾಕಿ ಆಚೆ ದಡಕ್ಕೆ ಹೋದೆವು. ನಾಯಕನ ಹೆಂಡತಿಯ ಪಾತ್ರ ಮಾಡುತ್ತಿದ್ದ ನಂದಾ ಔರಾದದ ಹುಡುಗಿ. ಹಡಗು ಕಂಡ ಕೂಡಲೇ ಅವಳು "ನಾಥಾ!" ಎಂದು ಕೂಗಬೇಕೆಂದು ಬರೆದಿದ್ದೆ. ಹಳೆಯ ಕಾಲದ ಕಥೆಗಳಲ್ಲಿ ನಾನು ಯಾವಾಗಲೂ ಅದನ್ನೇ ಬರೆಯುತ್ತಿದ್ದೆ. ಅವಳು ಹಾಳೆ ಹಿಡಿದು ನನ್ನ ಹತ್ತಿರ ಬಂದಳು.

"ಅಕ್ಕಾ, ನಾಥಾ ಅಂದ್ರ ಅಳು ಬರ್ವಲ್ದು, ನಗಿ ಬರ್ಲತ್ತದ. ಬ್ಯಾರೆ ಏನರೆ ಬರಕೊಡ್ರಿ."

ನಾನು ಪೆನ್ನು ತೆಗೆದು ಆ ಪದ ಹೊಡೆದು, ಮೇಲೆ ಬೇರೆ ಬರೆದುಕೊಟ್ಟೆ.

ಟ್ರ್ಯಾಕ್ಟರ್ ಎಳೆಯಿತು. ಹಡಗು ಹೊರಟಿತು. ನಂದಾ ದಡದಂಚಿಗೆ ಓಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ಏನ್ರೀ!"

ಸಾಹೇಬರು ತಿರುಗಿದರು. ಸನಾಳ ಪಕ್ಕದ ಹುಡುಗರು ತಿರುಗಿದರು. ಟ್ರ್ಯಾಕ್ಟರಿನವನು ತಿರುಗಿ ಹಗ್ಗ ಸಡಿಲ ಬಿಟ್ಟ. ಕ್ಯಾಮೆರಾದವರು ಕ್ಯಾಮೆರಾ ಸಮೇತ ನನ್ನ ಕಡೆ ತಿರುಗಿದರು. ತಿರುಗಬೇಕಾದವರೊಬ್ಬರು ಮಾತ್ರ, ಎಂದಿನ ಹಾಗೆ, ತಿರುಗಲಿಲ್ಲ.

ಮೊದಲು ನಕ್ಕವಳು ನಾನೇ. ಆಮೇಲೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. "ಕಟ್. ಮತ್ತೊಂದ್ ಸಲ. ಈ ಸಲ ಯಾರೂ ತಿರಗಬ್ಯಾಡ್ರಿ ಬಾಬಾ" ಎಂದರು ಸಾಹೇಬರು.

ಹಡಗನ್ನು ಹಿಂದಕ್ಕೆಳೆದು ಮೊದಲಿನ ಜಾಗಕ್ಕೆ ತಂದರು. ಶರಣಪ್ಪ ಕಂಬ ಬಿಟ್ಟು ಮುಂದೆ ಬಂದು, ಏನೂ ಹಿಡಿಯದೆ ನಿಂತರು. ಅವರ ಹಿಂದೆ ಕೌದಿ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ನಂದಾ ಮತ್ತೆ ಕೂಗಿದಳು. ಈ ಸಲ ಯಾರೂ ತಿರುಗಲಿಲ್ಲ. ಎಲ್ಲರೂ ಹಡಗನ್ನೇ ನೋಡುತ್ತಿದ್ದರು. ನಾನೂ ನೋಡಿದೆ.

ಅದು ಬರುತ್ತಿತ್ತು.